ಫುಲ್ ಫಾರ್ಮ್ಯಾಟ್ ಬೇಡ, ಡಿ ಡ್ರೈವ್‌ನಲ್ಲಿ ನಮ್ಮ ಜಮೀನೈತೆ



ಉದ್ದದ ಪೋಸ್ಟು, ಟೈಮ್ ಇದ್ದಾಗ ಓದಿ. ವಿಷಯ ಏನಪ್ಪಾ ಅಂದ್ರೆ ಕಂಪ್ಯೂಟರಿಗೆ ವಿಂಡೋಸ್ ಮತ್ತೆ ಹಾಕೋದು. ನಗಬೇಡಿ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್‌ನವರು ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿದ ಮೇಲೆ ನಂಗೆ ವಾರಕ್ಕೆ ಎರಡು ಫೋನಾದ್ರೂ ಬರ್ತಿವೆ. "ಅಣ್ಣ, ಅಂಗಡಿಯೋರು ಎಲ್ಲಾ ಕ್ಲೀನ್ ಮಾಡಿ ಹೊಸದು ಹಾಕ್ಬೇಕು ಅಂತವ್ರೆ, ಕೊಟ್ಬಿಡ್ಲಾ?" ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳಿ ಗಂಟಲು ಹೋಯ್ತು. ಒಂದ್ಸಲ ಬರೆದು ಹಾಕ್ತೀನಿ, ಶೇರ್ ಮಾಡ್ಕೊಳ್ಳಿ.

ನಮ್ಮ ಕಂಪ್ಯೂಟರಿನ ಕಥೆಯಿಂದಲೇ ಹೇಳಿದ್ರೆ ಸುಲಭ. ತುಮಕೂರಿನ ನಮ್ಮ ರೂಮಿನಲ್ಲಿರೋದು ಒಂದು ಅಸೆಂಬಲ್ಡ್ ಡೆಸ್ಕ್‌ಟಾಪ್. ಎಲ್ಲರೂ ನೂರು ಇನ್ನೂರು ಹಾಕಿ ತಗೊಂಡಿದ್ದು. 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. 2024ರ ಡಿಸೆಂಬರಿನಲ್ಲಿ ಒಂದು ಸಂಜೆ ಅಪ್‌ಡೇಟ್ ಆಗ್ತಾ ಇರುವಾಗಲೇ ಕರೆಂಟ್ ಹೋಯ್ತು. ಕರೆಂಟ್ ಬಂದ ಮೇಲೆ ನೋಡಿದ್ರೆ ನೀಲಿ ಪರದೆ. ತಾನೇ ಆಫ್ ಆಗೋದು, ತಾನೇ ಆನ್ ಆಗೋದು, ಮತ್ತೆ ನೀಲಿ ಪರದೆ. ಆ ವಾರ ಎಸಿ ಕೋರ್ಟಿನಲ್ಲಿ ನಮ್ಮ ಎರಡು ಕೇಸು ಇತ್ತು.

ಅದರೊಳಗೆ ಏನಿತ್ತು ಅಂತ ಹೇಳಿದ್ರೆ ನಮ್ಮ ಗಾಬರಿ ಅರ್ಥ ಆಗುತ್ತೆ. ತುಮಕೂರು, ಗುಬ್ಬಿ, ಕುಣಿಗಲ್, ಈ ಮೂರೂ ತಾಲ್ಲೂಕಿನ ಪಿಟಿಸಿಎಲ್ ಕೇಸುಗಳು ಬರೋದು ತುಮಕೂರಿನ ಉಪವಿಭಾಗಾಧಿಕಾರಿ ಹತ್ರ. ಸರ್ಕಾರ ನಮ್ಮ ಜನಕ್ಕೆ ಮಂಜೂರು ಮಾಡಿದ ಜಮೀನನ್ನ ಯಾರ‍್ಯಾರೋ ಬರೆಸ್ಕೊಂಡಿದ್ದರೆ ವಾಪಸ್ ಕೊಡಿಸೋಕೆ ಇರೋ 1978ರ ಕಾಯ್ದೆ ಅದು. ಹಳ್ಳಿಯಿಂದ ಬರೋರು ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ತರ್ತಾರೆ. ಸಾಗುವಳಿ ಚೀಟಿ, ಎಂ.ಆರ್. ನಕಲು, ಕೈಬರಹದ ಪಹಣಿ. ಮಡಿಕೆ ಬಿದ್ದಲ್ಲೆಲ್ಲ ಹರಿದಿರುತ್ತೆ, ಗೆದ್ದಲು ತಿಂದಿರುತ್ತೆ, ಸೋರೋ ಮನೇಲಿ ನೆನೆದು ಶಾಯಿ ಹರಡಿರುತ್ತೆ. ನಾವು ಮೊದಲು ಮಾಡೋ ಕೆಲಸವೇ ಸ್ಕ್ಯಾನ್. ಹೋಬಳಿ, ಊರು, ಸರ್ವೆ ನಂಬರ್, ಹೆಸರು, ಈ ಥರ ಫೋಲ್ಡರ್ ಮಾಡಿ ಡಿ ಡ್ರೈವ್‌ಗೆ ಹಾಕೋದು. ಗುಬ್ಬಿ ತಾಲ್ಲೂಕಿನ ಒಬ್ಬ ಅಜ್ಜಿ ನಮ್ಮ ಹತ್ರ ಸ್ಕ್ಯಾನ್ ಮಾಡಿಸಿದ ಮುಂದಿನ ಮಳೆಗಾಲದಲ್ಲೇ ಅವರ ಮನೆ ಗೋಡೆ ಬಿತ್ತು, ಮೂಲ ಚೀಟಿ ಮಣ್ಣುಪಾಲಾಯ್ತು. ಕಚೇರೀಲಿ ಕೇಳಿದ್ರೆ ಕಡತ ಲಭ್ಯವಿಲ್ಲ ಅಂತ ಹಿಂಬರಹ. ಆ ಅಜ್ಜಿ ಪ್ರತಿ ಸಲ ಬಂದಾಗಲೂ ಕಂಪ್ಯೂಟರ್ ಕಡೆ ಕೈ ತೋರಿಸಿ ಕೇಳ್ತಾರೆ, "ನಮ್ ಚೀಟಿ ಒಳಗೆ ಭದ್ರವಾಗೈತಾ ಮಗಾ?"

ಇನ್ನೊಂದು ವಿಷಯ. 2017ರಲ್ಲಿ ಸುಪ್ರೀಂ ಕೋರ್ಟಿನ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದ ತೀರ್ಪು ಬಂತು. ಸಮಂಜಸ ಕಾಲದೊಳಗೆ ಅರ್ಜಿ ಹಾಕಿಲ್ಲ ಅನ್ನೋ ಕಾರಣಕ್ಕೆ ನಮ್ಮ ಜನರ ಅರ್ಜಿಗಳು ಸಾಲಾಗಿ ಬಿದ್ದುಹೋದವು. ನಾವು ಅವನ್ನೆಲ್ಲ 'ವಜಾ' ಅನ್ನೋ ಫೋಲ್ಡರಿಗೆ ಹಾಕಿದ್ವಿ. 2023ರಲ್ಲಿ ಧರಣಿ, ಹೋರಾಟ ಎಲ್ಲ ಆದ ಮೇಲೆ ಕಾಯ್ದೆಗೆ ತಿದ್ದುಪಡಿ ಬಂತು, ಕಾಲಮಿತಿ ಇಲ್ಲ ಅಂತ. ಆಮೇಲೂ ಕೋರ್ಟುಗಳಲ್ಲಿ ಜಗಳ ಮುಗಿದಿಲ್ಲ, ಅದು ಬೇರೆ ಮಾತು. ಆದರೆ 'ವಜಾ' ಫೋಲ್ಡರಿನಲ್ಲಿ ಸತ್ತು ಮಲಗಿದ್ದ ಕಾಗದಗಳು ಎದ್ದು ಕೂತವು. ನಡುವೆ ಯಾರಾದ್ರೂ ಜಾಗ ಖಾಲಿ ಮಾಡೋಣ ಅಂತ ಅಳಿಸಿದ್ರೆ?

ದೌರ್ಜನ್ಯದ ಕೇಸುಗಳೂ ಅಷ್ಟೇ. ನಮ್ಮ ಜಿಲ್ಲೆಯ ಗೋಪಾಲಪುರದಲ್ಲಿ 2010ರಲ್ಲಿ ನಮ್ಮ ಹೆಣ್ಣುಮಗಳೊಬ್ಬಳನ್ನ ಕೊಂದ ಪ್ರಕರಣದಲ್ಲಿ ತುಮಕೂರಿನ ನ್ಯಾಯಾಲಯ 21 ಜನಕ್ಕೆ ಜೀವಾವಧಿ ಕೊಟ್ಟಿದ್ದು 2024ರ ನವೆಂಬರಿನಲ್ಲಿ. 14 ವರ್ಷ. ಕೊಪ್ಪಳ ಜಿಲ್ಲೆಯ ಮರಕುಂಬಿಯದು 2014ರ ಘಟನೆ, 98 ಜನಕ್ಕೆ ಜೀವಾವಧಿ ಆಗಿದ್ದು 2024ರ ಅಕ್ಟೋಬರಿನಲ್ಲಿ. ಗೋಪಾಲಪುರದ ಕೊಲೆ ನಡೆದಾಗ ವಿಂಡೋಸ್ 7 ಬಂದು ಒಂದು ವರ್ಷವೂ ಆಗಿರಲಿಲ್ಲ. ತೀರ್ಪು ಬರೋ ಹೊತ್ತಿಗೆ 8, 8.1, 10, 11 ಎಲ್ಲ ಬಂದುಹೋಗಿದ್ವು. ನಮ್ಮ ಒಂದೊಂದು ಕೇಸಿನ ಆಯಸ್ಸು ನಾಲ್ಕು ವಿಂಡೋಸ್. ನಡುವೆ ಎಷ್ಟು ಸಲ ಕಂಪ್ಯೂಟರ್ ರಿಪೇರಿಗೆ ಹೋಗಿಬರುತ್ತೆ ಲೆಕ್ಕ ಹಾಕಿ.

ಈಗ ಅಂಗಡಿ ವಿಷಯ. ಮರುದಿನ ಕಂಪ್ಯೂಟರ್ ಹೊತ್ಕೊಂಡು ಒಂದು ಅಂಗಡಿಗೆ ಹೋದ್ವಿ. ಹೆಸರು ಬೇಡ, ಆ ಹುಡುಗನೂ ಸಂಬಳಕ್ಕೆ ದುಡಿಯೋನೇ. ಐದು ನಿಮಿಷ ನೋಡಿ "ಫುಲ್ ಫಾರ್ಮ್ಯಾಟ್ ಮಾಡ್ಬೇಕು ಸಾರ್, ಎಲ್ಲಾ ಹೋಗುತ್ತೆ" ಅಂದ. ಡಿ ಡ್ರೈವ್ ಉಳಿಸಿ ಸಿ ಮಾತ್ರ ಮಾಡೋಕಾಗಲ್ವಾ ಅಂದೆ. "ಆಗುತ್ತೆ, ಆದ್ರೆ ರಿಸ್ಕು, ಟೈಮ್ ಹಿಡಿಯುತ್ತೆ. ಅಂಥದ್ದೇನಿದೆ ಸಾರ್ ಅದರಲ್ಲಿ?" ಅಂತ ಕೇಳಿದ.

ಅವನು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ಆ ಪ್ರಶ್ನೆ ನಾವು ಹುಟ್ಟಿದಾಗಿಂದ ಕೇಳ್ತಾ ಬಂದಿರೋದು. ನಿಮ್ಮ ಹತ್ರ ಏನೈತೆ? ನಿಮ್ಮದು ಅನ್ನೋಕೆ ದಾಖಲೆ ಏನೈತೆ? ನಾನು ಕಂಪ್ಯೂಟರ್ ಎತ್ಕೊಂಡು ವಾಪಸ್ ಬಂದೆ.

ಕುಣಿಗಲ್ ಕಡೆಯ ನಮ್ಮ ಸಂಗಾತಿಯೊಬ್ಬರಿಗೆ ಏನಾಗಿತ್ತು ಅಂತ ಗೊತ್ತಿದ್ದರಿಂದ ಬಂದೆ ಅನ್ನಿ. ಅವರ ಹಾರ್ಡ್ ಡಿಸ್ಕನ್ನ ಒಂದು ಕಡೆ ಕೊಟ್ಟಿದ್ರು. ಅಲ್ಲಿ ಎಲ್ಲಾ ಪಾರ್ಟಿಶನ್ ಡಿಲೀಟ್ ಮಾಡಿ, ಒಂದೇ ಸಿ ಡ್ರೈವ್ ಮಾಡಿ, ಹೊಸ ವಿಂಡೋಸ್ ಹಾಕಿ ಕೊಟ್ಟರು. ಕಂಪ್ಯೂಟರ್ ಹೊಸದರಂಗೆ ಓಡ್ತಿತ್ತು, ಒಳಗೆ ಏನೂ ಇರಲಿಲ್ಲ. ಫೋಟೋರೆಕ್ ಅನ್ನೋ ಉಚಿತ ತಂತ್ರಾಂಶದಲ್ಲಿ ಹುಡುಕಿಸಿದಾಗ ಸಾವಿರಾರು ಫೋಟೋ, ಸ್ಕ್ಯಾನ್ ಸಿಕ್ಕಿದ್ದೇನೋ ನಿಜ. ಆದರೆ ಅದು ಫೈಲನ್ನ ಎತ್ತಿಕೊಡುತ್ತೆ, ಫೈಲಿನ ಹೆಸರನ್ನ ಕೊಡಲ್ಲ. ಊರಿಲ್ಲ, ಹೋಬಳಿ ಇಲ್ಲ, ಹೆಸರಿಲ್ಲ, ಬರೀ ಎಫ್ ಅಕ್ಷರ, ಪಕ್ಕದಲ್ಲಿ ನಂಬರು. ಅವರೂ ಅವರ ಮಗಳೂ ತಿಂಗಳುಗಟ್ಟಲೆ ಒಂದೊಂದೇ ಚಿತ್ರ ತೆಗೆದು ಸರ್ವೆ ನಂಬರ್ ಓದಿ ಹೆಸರಿಟ್ಟರು. ಅರ್ಧಕ್ಕರ್ಧ ಇವತ್ತಿಗೂ ಯಾರವು ಅಂತ ಗೊತ್ತಿಲ್ಲ.

ಪಾರ್ಟಿಶನ್ ಅಂದ್ರೇನು ಅಂತ ಗೊತ್ತಿಲ್ಲದವರಿಗೆ ನಮ್ಮ ಭಾಷೇಲೇ ಹೇಳ್ತೀನಿ. ಹಾರ್ಡ್ ಡಿಸ್ಕ್ ಅಂದ್ರೆ ಒಂದು ಸರ್ವೆ ನಂಬರ್ ಅಂದ್ಕೊಳ್ಳಿ. ಪಾರ್ಟಿಶನ್‌ಗಳು ಅದರ ಹಿಸ್ಸೆಗಳು. ಯಾವ ಹಿಸ್ಸೆ ಎಲ್ಲಿಂದ ಶುರು, ಎಲ್ಲಿಗೆ ಮುಗೀತದೆ ಅನ್ನೋ ಪಟ್ಟಿ ಡಿಸ್ಕಿನ ತಲೆಭಾಗದಲ್ಲಿರುತ್ತೆ, ಅದೇ ಪಾರ್ಟಿಶನ್ ಟೇಬಲ್, ನಮ್ಮ ಪೋಡಿ ನಕ್ಷೆ ಇದ್ದಂಗೆ. ಹಳೇ ಎಂಬಿಆರ್ ಪದ್ಧತೀಲಿ ಆ ಪಟ್ಟಿ ಇರೋದು ಮೊದಲ 512 ಬೈಟ್‌ನೊಳಗೆ. ಅಷ್ಟೇ ಅಷ್ಟು ಜಾಗ. 'ಫಾರ್ಮ್ಯಾಟ್' ಅಂದ್ರೆ ಒಂದು ಹಿಸ್ಸೆಯಲ್ಲಿರೋ ಬೆಳೆ ಕಿತ್ತು ಹೊಸದಾಗಿ ಉತ್ತು ಹದ ಮಾಡೋದು. ಬದು ಇದ್ದಲ್ಲೇ ಇರುತ್ತೆ, ಪಕ್ಕದ ಹಿಸ್ಸೆಗೆ ಏನೂ ಆಗಲ್ಲ. 'ಡಿಲೀಟ್' ಅಂದ್ರೆ ನಕ್ಷೆಯಿಂದ ಬದುವನ್ನೇ ಅಳಿಸೋದು. ಡಿಲೀಟ್ ಒತ್ತಿದ ಕ್ಷಣಕ್ಕೆ ಒಳಗಿನ ಫೈಲುಗಳು ಎಲ್ಲೂ ಹೋಗಿರಲ್ಲ, ಆದರೆ ನಕ್ಷೆಯಲ್ಲಿ ಇಲ್ಲ, ಹಾಗಾಗಿ ಯಾರು ಬೇಕಾದ್ರೂ ಮೇಲೆ ಬರೀಬಹುದು. ಜಮೀನು ಕಳಕೊಂಡೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಜಮೀನು ಅಲ್ಲೇ ಇರುತ್ತೆ, ಕಾಗದದಲ್ಲಿ ಹೆಸರು ಹೋಗಿರುತ್ತೆ.

(ಊರು ಕೇರಿ ನಡುವಿನ ಗೋಡೆ ಕೆಡವಬೇಕು ಅಂತ ಇಷ್ಟು ವರ್ಷ ಭಾಷಣ ಮಾಡಿದವನು ಗೋಡೆ ಉಳಿಸೋಕೆ ಒದ್ದಾಡಿದ್ದು ಇದೇ ಮೊದಲು.)

ಕೆಲಸ ಮಾಡಿಕೊಟ್ಟಿದ್ದು ಗುಬ್ಬಿಯ ನಮ್ಮ ಹುಡುಗಿ. ಹಾಸ್ಟೆಲ್‌ನಲ್ಲಿದ್ದು ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಮಾಡಿದವಳು. ಭಾನುವಾರ ಬೆಳಗ್ಗೆ ಬಸ್ಸಿಗೆ ಬಂದ್ಳು, ಬ್ಯಾಗಲ್ಲಿ ಎರಡು ಪೆನ್‌ಡ್ರೈವ್. ಬಂದ ತಕ್ಷಣ ವಿಂಡೋಸ್ ಹಾಕ್ತಾಳೆ ಅಂದ್ಕೊಂಡಿದ್ರೆ, ಅವಳು ಕಂಪ್ಯೂಟರಿಗೆ ಕಿವಿ ಕೊಟ್ಟು ಕೂತ್ಕೊಂಡ್ಳು. "ಡಿಸ್ಕ್ ಟಕ್ ಟಕ್ ಅಂತ ಶಬ್ದ ಮಾಡ್ತೈತಾ ನೋಡ್ತಿದೀನಿ ಅಣ್ಣ. ಹಂಗೆ ಮಾಡಿದ್ರೆ ವಿಂಡೋಸ್ ಮಾತೇ ಎತ್ತಬಾರದು, ಮೊದಲು ಕಾಪಿ ತಗೀಬೇಕು, ಜಾಸ್ತಿ ಆನ್ ಆಫ್ ಮಾಡ್ಬಾರ್ದು." ಶಬ್ದ ಇರಲಿಲ್ಲ.

ಆಮೇಲೆ ಮೊದಲ ಪೆನ್‌ಡ್ರೈವ್ ಹಾಕಿದ್ಳು. ಅದರಲ್ಲಿದ್ದದ್ದು ಉಬುಂಟು ಲಿನಕ್ಸ್. ಇನ್‌ಸ್ಟಾಲ್ ಮಾಡದೇನೇ, ಪೆನ್‌ಡ್ರೈವ್‌ನಿಂದಲೇ ಕಂಪ್ಯೂಟರ್ ನಡೆಸಬಹುದು, ಶುರುವಿನಲ್ಲಿ 'ಟ್ರೈ' ಅಂತ ಕೇಳುತ್ತೆ, ಅದನ್ನ ಒತ್ತಬೇಕು. ವಿಂಡೋಸ್ ಸತ್ತಿದ್ರೂ ನಮ್ಮ ಸಿ, ಡಿ, ಇ ಮೂರೂ ಅಲ್ಲಿ ಕಾಣಿಸಿದ್ವು. ಡಿ ಡ್ರೈವ್ ತೆಗೆದು ಫೋಲ್ಡರ್‌ಗಳು ಇರೋದು ನೋಡಿದ ಮೇಲೆ ನಾನು ಹೊರಗೆ ಹೋಗಿ ಟೀ ಕುಡ್ಕೊಂಡು ಬಂದೆ.

ಇಲ್ಲಿ ಒಂದು ಗಮನಿಸಿ. ಡಿ ಡ್ರೈವ್ ಉಳೀತು ಅಂದ್ರೆ ಎಲ್ಲಾ ಉಳೀತು ಅಂತಲ್ಲ. ಡೆಸ್ಕ್‌ಟಾಪ್ ಮೇಲೆ ಇಟ್ಟಿರೋದು, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಇವೆಲ್ಲ ಇರೋದು ಸಿ ಡ್ರೈವ್‌ನಲ್ಲಿ, ಯೂಸರ್ಸ್ ಅನ್ನೋ ಫೋಲ್ಡರಿನೊಳಗೆ. ಸಿ ಫಾರ್ಮ್ಯಾಟ್ ಆದ್ರೆ ಅಷ್ಟೂ ಹೋಗುತ್ತೆ. ವಾಟ್ಸಾಪ್‌ನಿಂದ ಇಳಿಸಿದ ಎಫ್‌ಐಆರ್ ಕಾಪಿಗಳು ಮುಕ್ಕಾಲು ಪಾಲು ಡೌನ್‌ಲೋಡ್ಸ್‌ನಲ್ಲೇ ಬಿದ್ದಿರುತ್ವೆ, ನಿಮ್ಮದರಲ್ಲೂ ನೋಡಿ. ಅವಳು ಅದನ್ನೂ, ಇಡೀ ಡಿ ಡ್ರೈವನ್ನೂ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಹಾಕಿದ್ಳು. ಮಧ್ಯಾಹ್ನದ ತನಕ ಅದೇ ಆಯ್ತು.

ಕೊನೆಗೆ ಸಿ ಡ್ರೈವಿನ ವಿಂಡೋಸ್ ಫೋಲ್ಡರ್ ತೆಗೆದು 'ಫಾಂಟ್ಸ್' ಅನ್ನೋದನ್ನೂ ಕಾಪಿ ಮಾಡಿದ್ಳು. ಅದು ಯಾಕಮ್ಮಾ ಅಂದೆ. "ನಿಮ್ಮ ಹಳೇ ಅರ್ಜಿಗಳೆಲ್ಲ ನುಡಿಯಲ್ಲಿ ಟೈಪ್ ಆಗಿರೋವು ಅಣ್ಣ." ಇದು ಕನ್ನಡದಲ್ಲಿ ಕೆಲಸ ಮಾಡೋರು ಮಾತ್ರ ಯೋಚಿಸೋ ವಿಷಯ. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫೈಲುಗಳಲ್ಲಿ ಒಳಗಡೆ ಇರೋದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ಅಂಗಿ ತೊಡಿಸಿರೋದು ಆ ಫಾಂಟು. ಹೊಸ ವಿಂಡೋಸ್‌ನಲ್ಲಿ ಆ ಫಾಂಟ್ ಇಲ್ಲ ಅಂದ್ರೆ, ಹತ್ತು ವರ್ಷದ ಮನವಿ ಪತ್ರಗಳು ತಲೆ ಮೇಲೆ ಗೆರೆ ಚುಕ್ಕಿ ಇಟ್ಕೊಂಡ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣ್ತವೆ. ಫೈಲ್ ಹಾಳಾಯ್ತು ಅಂತ ಜನ ಅಳಿಸಿಬಿಡ್ತಾರೆ. ಹಾಳಾಗಿರಲ್ಲ. ಫಾಂಟ್ ಹಾಕಿದ್ರೆ ಕನ್ನಡ ಎದ್ದುಬರುತ್ತೆ.

ಕಾಪಿ ಆದ ಮೇಲೆ ಎರಡನೇ ಪೆನ್‌ಡ್ರೈವ್. ಅದು ಮೈಕ್ರೋಸಾಫ್ಟಿನವರದೇ ಮೀಡಿಯಾ ಕ್ರಿಯೇಷನ್ ಟೂಲ್‌ನಲ್ಲಿ ಮಾಡಿದ್ದು, 8 ಜಿಬಿ ಪೆನ್‌ಡ್ರೈವ್ ಸಾಕು. ಎಕ್ಸ್‌ಟರ್ನಲ್ ಡಿಸ್ಕನ್ನ ಮೊದಲು ಕಿತ್ತು ಪಕ್ಕಕ್ಕಿಟ್ಟಳು. ವಿಂಡೋಸ್ ಹಾಕುವಾಗ ಯಾವ ಡಿಸ್ಕ್ ಬೇಕೋ ಅದೊಂದೇ ಇರಬೇಕು, ಒಳಗೆ ಎರಡು ಹಾರ್ಡ್ ಡಿಸ್ಕ್ ಇದ್ರೆ ಒಂದರ ಕೇಬಲ್ ಬಿಚ್ಚಿಬಿಡಿ ಅಂದ್ಳು. ಕೈ ತಪ್ಪೋಕೆ ಅವಕಾಶವೇ ಇರಲ್ಲ.

ಸೆಟಪ್‌ನಲ್ಲಿ ಅಪ್‌ಗ್ರೇಡ್, ಕಸ್ಟಮ್ ಅಂತ ಎರಡು ದಾರಿ ಕೇಳುತ್ತೆ. ಕಸ್ಟಮ್ ಒತ್ತಬೇಕು. ಆಗ ಬರೋ ಪರದೆಯೇ ಎಲ್ಲಕ್ಕಿಂತ ಮುಖ್ಯ. ಅಲ್ಲಿ ಸಿ, ಡಿ ಅನ್ನೋ ಅಕ್ಷರಗಳೇ ಇರಲ್ಲ! ಡ್ರೈವ್ 0 ಪಾರ್ಟಿಶನ್ 1, ಪಾರ್ಟಿಶನ್ 2, ಪಾರ್ಟಿಶನ್ 3 ಅಂತಷ್ಟೇ. ಜನ ಎಡವೋದು ಇಲ್ಲೇ. ಅಳತೆ ನೋಡಿ ಗುರುತು ಹಿಡೀಬೇಕು. ಅವಳು ಲಿನಕ್ಸ್‌ನಲ್ಲಿದ್ದಾಗಲೇ ಒಂದು ಚೀಟಿ ಬರೆದಿಟ್ಟಿದ್ಳು: ಸಿ 100 ಜಿಬಿ, ಡಿ 200, ಇ 165. (500 ಜಿಬಿ ಡಿಸ್ಕು ವಿಂಡೋಸ್‌ನಲ್ಲಿ 465 ಅಂತ ತೋರಿಸುತ್ತೆ, ಯಾರೂ ಕದ್ದಿಲ್ಲ, ಕಂಪನಿಯೋರು ಸಾವಿರದ ಲೆಕ್ಕ, ವಿಂಡೋಸ್ 1024ರ ಲೆಕ್ಕ.) ಡ್ರೈವ್‌ಗೆ ಹೆಸರು ಕೊಟ್ಟಿದ್ರೆ ಅದೂ ಪಕ್ಕದಲ್ಲಿ ಕಾಣುತ್ತೆ. ನಮ್ಮ ಡಿ ಡ್ರೈವ್‌ಗೆ 'ದಾಖಲೆ' ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿತ್ತು, ಪಟ್ಟೀಲಿ ಹಂಗೇ ಬಂತು. ನೀವೂ ಇವತ್ತೇ ಹೆಸರಿಡಿ. ಡ್ರೈವ್ ಮೇಲೆ ರೈಟ್ ಕ್ಲಿಕ್, ರೀನೇಮ್, ಒಂದು ನಿಮಿಷದ ಕೆಲಸ.

ಪಟ್ಟಿಯ ಮೇಲ್ಗಡೆ ಇನ್ನೊಂದು ಪುಟಾಣಿ ಹಿಸ್ಸೆ ಇತ್ತು. ಅರ್ಧ ಜಿಬಿ. ಹೆಸರು 'ಸಿಸ್ಟಮ್ ರಿಸರ್ವ್ಡ್'. ಪಕ್ಕದಲ್ಲಿ ಕೂತಿದ್ದ ನಮ್ಮ ಹುಡುಗನೊಬ್ಬ "ಇದ್ಯಾಕೆ ಸುಮ್ನೆ ಜಾಗ ತಿಂತೈತೆ, ತೆಗೆದುಬಿಡಕ್ಕ" ಅಂದ. ಅವಳು ತಿರುಗಿ ನೋಡಿ, "ಕಂಪ್ಯೂಟರ್ ಎದ್ದು ನಿಲ್ಲೋದೇ ಅದರಿಂದ ಕಣೋ. 465ರಲ್ಲಿ ಅರ್ಧ ಜಿಬಿ ರಿಸರ್ವೇಶನ್, ಅದೂ ಕಣ್ಣು ಕುಕ್ತೈತಾ ನಿಂಗೆ?" ಅಂದ್ಳು. ರೂಮಿನಲ್ಲಿ ನಗು ನಿಲ್ಲೋಕೆ ಐದು ನಿಮಿಷ ಬೇಕಾಯ್ತು. ಹೊಸ ಕಂಪ್ಯೂಟರ್‌ಗಳಲ್ಲಿ ಈ ಜಾಗದಲ್ಲಿ 'ಇಎಫ್‌ಐ' ಅಂತ ಇರುತ್ತೆ, ಅದನ್ನೂ ಮುಟ್ಟಬೇಡಿ.

ಆಮೇಲೆ ಆಗಿದ್ದು ಇಷ್ಟೇ. 100 ಜಿಬಿಯ ಪಾರ್ಟಿಶನ್ ಆರಿಸಿ ಕೆಳಗಿನ 'ಫಾರ್ಮ್ಯಾಟ್' ಒತ್ತಿದ್ಳು. 'ಡಿಲೀಟ್', 'ನ್ಯೂ' ಎರಡರ ಹತ್ರ ಕೈ ಹೋಗಲಿಲ್ಲ. ಅದೇ ಪಾರ್ಟಿಶನ್ ಆಯ್ಕೆ ಆಗಿರೋದನ್ನ ಚೀಟಿ ಜೊತೆ ಇನ್ನೊಂದ್ಸಲ ತಾಳೆ ನೋಡಿ 'ನೆಕ್ಸ್ಟ್'. ಫಾರ್ಮ್ಯಾಟ್ ಒತ್ತದೇ ಮುಂದೆ ಹೋದ್ರೂ ನಡೆಯುತ್ತೆ, ಹಳೇ ಫೈಲೆಲ್ಲ 'ವಿಂಡೋಸ್ ಓಲ್ಡ್' ಅನ್ನೋ ಫೋಲ್ಡರಿಗೆ ಹೋಗಿ ಕೂರುತ್ತೆ. ನಮ್ಮದು ಕಾಪಿ ಆಗಿದ್ದರಿಂದ ಬೇಕಾಗಿರಲಿಲ್ಲ.

ಸಂಜೆಗೆ ವಿಂಡೋಸ್ ಬಂತು. ನಾನು ಓಡಿ ಹೋಗಿ ಡಿ ಡ್ರೈವ್ ಒತ್ತಿದೆ, "ಡಿಸ್ಕ್ ಹಾಕಿ" ಅಂತ ಬಂತು. ಎದೆ ಧಸಕ್ ಅಂತು. ನೋಡಿದ್ರೆ ಸಿಡಿ ಹಾಕೋ ಡ್ರೈವ್ ಬಂದು ಡಿ ಅಕ್ಷರ ಹಿಡ್ಕೊಂಡು ಕೂತಿದೆ, ನಮ್ಮ 'ದಾಖಲೆ' ಇ ಆಗಿದೆ. ಹೊಸ ವಿಂಡೋಸ್ ಅಕ್ಷರಗಳನ್ನ ತನಗೆ ತೋಚಿದಂಗೆ ಹಂಚುತ್ತೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಅಕ್ಷರ ಬದಲಾಯಿಸಿದ್ರೆ ಮುಗೀತು. ನಿಮಗೂ ಹಿಂಗಾದ್ರೆ ಹೆದರಬೇಡಿ, ಹೆದರಿಕೇಲಿ ಏನೂ ಒತ್ತಬೇಡಿ. ಅಕ್ಷರ ಯಾವುದೇ ಇರ್ಲಿ, ಹೆಸರು ನೋಡಿ.

ಎರಡು ದಿನ ಬಿಟ್ಟು ಎಸಿ ಕೋರ್ಟಿಗೆ ಪ್ರಿಂಟ್ ತಗೊಂಡು ಹೋದ್ವಿ. ಕೇಸು ಮುಂದಕ್ಕೆ ಹೋಯ್ತು, ಅದು ಮಾಮೂಲಿ.

ಅಂಗಡಿಗೆ ಕೊಡಬೇಡಿ ಅಂತ ನಾನು ಹೇಳ್ತಿಲ್ಲ. ಕೊಡೋ ಮುಂಚೆ ಡಿಸ್ಕಿನಲ್ಲಿ ಏನಿದೆ ಅಂತ ಯೋಚಿಸಿ. ನಮ್ಮ ಡ್ರೈವ್‌ಗಳಲ್ಲಿ ಸಂತ್ರಸ್ತ ಹೆಣ್ಣುಮಕ್ಕಳ ಹೇಳಿಕೆ ಇರುತ್ತೆ, ಗಾಯದ ಫೋಟೋ ಇರುತ್ತೆ, ಸಾಕ್ಷಿಗಳ ಹೆಸರು ಫೋನ್ ನಂಬರ್ ಇರುತ್ತೆ. ಗುಬ್ಬಿ, ಕುಣಿಗಲ್‌ನಂಥ ಊರುಗಳಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಕಂಪ್ಯೂಟರ್ ಬಿಚ್ಚೋನ ಮಾವನೋ ಭಾವನೋ ನಿಮ್ಮ ಕೇಸಿನ ಆರೋಪಿ ಇರಬಹುದು. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದು 15ಎ ಸೇರಿಸಿ ಸಾಕ್ಷಿಗಳಿಗೆ ರಕ್ಷಣೆ ಕೊಡಬೇಕು ಅಂತ ಬರೆದವ್ರೆ. ಆ ಹೆಸರುಗಳಿರೋ ಡಿಸ್ಕನ್ನ ನಾವೇ ಮೂರು ದಿನ ಯಾರದೋ ಟೇಬಲ್ ಮೇಲೆ ಬಿಟ್ಟು ಬರೋದು ಯಾವ ನ್ಯಾಯ? ಕೊಡಲೇಬೇಕು ಅಂದ್ರೆ ಪಕ್ಕದಲ್ಲೇ ಕೂತು ಮಾಡಿಸಿ.

ಈಗ ಫೋನ್ ಮಾಡ್ತಿರೋರ ಪ್ರಶ್ನೆಗೆ ಬರ್ತೀನಿ. ವಿಂಡೋಸ್ 10ಕ್ಕೆ ಬೆಂಬಲ ನಿಂತಿದ್ದಕ್ಕೆ ನಿಮ್ಮ ಕಂಪ್ಯೂಟರ್ ನಾಳೆ ನಿಲ್ಲಲ್ಲ. ಭದ್ರತಾ ಅಪ್‌ಡೇಟ್ ಬರಲ್ಲ, ಅಷ್ಟೇ. ಮನೆ ಬಳಕೆದಾರರು ನೋಂದಾಯಿಸ್ಕೊಂಡ್ರೆ ಇನ್ನೊಂದು ವರ್ಷ, 2026ರ ಅಕ್ಟೋಬರ್ ತನಕ ಕೊಡ್ತಾರೆ. ಅವಸರ ಇಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಚಿಪ್ ಬೇಕು, ನಮ್ಮ ಡಬ್ಬ ಕಂಪ್ಯೂಟರ್‌ಗಳಲ್ಲಿ ಮುಕ್ಕಾಲು ಪಾಲು ಅದಿರಲ್ಲ. ಅದಕ್ಕೋಸ್ಕರ ಹೊಸ ಕಂಪ್ಯೂಟರ್ ತಗೊಳ್ಳೋ ದುಡ್ಡು ಯಾರ ಹತ್ರ ಇದೆ? ನಮ್ಮದಕ್ಕೆ ನಾವು ಮುಂದೆ ಲಿನಕ್ಸ್ ಹಾಕೋದು ಅಂತ ತೀರ್ಮಾನಿಸಿದೀವಿ. ನುಡಿ ಕೀಬೋರ್ಡ್ ಕಲಿತಿರೋರಿಗೆ ಅದೇ ಕೆ.ಪಿ. ರಾವ್ ವಿನ್ಯಾಸ ಅಲ್ಲೂ ಇದೆ, 'ಕೆಜಿಪಿ' ಅನ್ನೋ ಹೆಸರಲ್ಲಿ, ಬೆರಳು ಹೊಸದಾಗಿ ಕಲೀಬೇಕಾಗಿಲ್ಲ. ಲಿನಕ್ಸ್ ಹಾಕುವಾಗಲೂ 'ಡಿಸ್ಕ್ ಅಳಿಸಿ ಇನ್‌ಸ್ಟಾಲ್ ಮಾಡು' ಅನ್ನೋದನ್ನ ಒತ್ತಬೇಡಿ. ಕೈಯಾರೆ ಪಾರ್ಟಿಶನ್ ಆರಿಸೋ ದಾರಿ ಇರುತ್ತೆ, ಅಲ್ಲಿ ಸಿ ಇದ್ದ ಜಾಗಕ್ಕೆ ಮಾತ್ರ ಫಾರ್ಮ್ಯಾಟ್ ಟಿಕ್ ಹಾಕಿ. ಹೊಸ ಲ್ಯಾಪ್‌ಟಾಪ್ ಇರೋರು ಇನ್ನೊಂದು ನೋಡ್ಕೊಳ್ಳಿ: ಬಿಟ್‌ಲಾಕರ್ ಆನ್ ಆಗಿದ್ರೆ 48 ಅಂಕಿಯ ರಿಕವರಿ ಕೀ ಮೊದಲು ಬರೆದಿಟ್ಕೊಳ್ಳಿ. ಅದಿಲ್ಲದೆ ಹೊಸ ವಿಂಡೋಸ್ ಹಾಕಿದ್ರೆ ಡಿ ಡ್ರೈವ್ ಇರುತ್ತೆ, ಬಾಗಿಲು ತೆಗೆಯಲ್ಲ.

ಡಿ ಡ್ರೈವ್‌ನಲ್ಲಿ ಹಾಕಿದೀವಿ, ಇನ್ನೇನು ಭಯ ಅನ್ನೋರಿಗೆ ಒಂದು ಮಾತು. ಸಿ, ಡಿ, ಇ ಮೂರೂ ಒಂದೇ ಡಿಸ್ಕಿನ ಮೇಲಿರೋವು. ಡಿಸ್ಕ್ ಸುಟ್ಟುಹೋದ್ರೆ ಮೂರೂ ಒಟ್ಟಿಗೆ ಹೋಗ್ತವೆ. ಆವತ್ತಿಂದ ನಮ್ಮದು ಮೂರು ಕಡೆ ಇದೆ. ತುಮಕೂರಿನ ರೂಮಿನ ಕಂಪ್ಯೂಟರಿನಲ್ಲಿ ಒಂದು, ಗುಬ್ಬಿಯಲ್ಲಿ ಆ ಹುಡುಗಿ ಮನೇಲಿ ಒಂದು ಎಕ್ಸ್‌ಟರ್ನಲ್ ಡಿಸ್ಕ್, ಕುಣಿಗಲ್‌ನಲ್ಲಿ ಇನ್ನೊಂದು. ಕುಣಿಗಲ್‌ನದು ಅದೇ ಸಂಗಾತಿಯ ಮನೇಲಿ, ಅಕ್ಕಿ ಡಬ್ಬದ ಪಕ್ಕದ ಟ್ರಂಕಿನಲ್ಲಿ. ಪ್ರತಿ ತಿಂಗಳ ಎರಡನೇ ಶನಿವಾರ ಹೊರಗಿರೋ ಎರಡೂ ಡಿಸ್ಕ್ ತುಮಕೂರಿಗೆ ಬಂದು ಹೊಸ ಫೈಲ್ ತುಂಬಿಸ್ಕೊಂಡು ಬಸ್ ಹತ್ತಿ ವಾಪಸ್ ಹೋಗ್ತವೆ.

ಯಾರ ಕಂಪ್ಯೂಟರ್ ನಿಂತಿದೆಯೋ ಅವರು ಆ ಶನಿವಾರ ಸಿಪಿಯು ಮಾತ್ರ ಎತ್ಕೊಂಡು ಬನ್ನಿ, ಮಾನಿಟರ್ ಬೇಡ, ಇಲ್ಲಿದೆ. ಬರೋ ಮುಂಚೆ ಆನ್ ಮಾಡಿ ಆಫ್ ಮಾಡಿ ನೋಡೋದು ನಿಲ್ಲಿಸಿ. ಯಾವ ಡ್ರೈವ್ ಎಷ್ಟು ಜಿಬಿ ಇತ್ತು ಅಂತ ನೆನಪಿದ್ರೆ ಚೀಟೀಲಿ ಬರ್ಕೊಂಡು ಬನ್ನಿ. ಮತ್ತೆ ಆ ಹುಡುಗಿಗೆ ಬಸ್ ಚಾರ್ಜು, ಮಧ್ಯಾಹ್ನದ ಊಟ ಕೊಡೋದು ಬಂದವರ ಜವಾಬ್ದಾರಿ, ಅವಳು ಕೇಳಲ್ಲ, ನಾನು ಕೇಳ್ತಿದೀನಿ.